ಹಸಿರು ಟ್ಯೂಬ್ ಮುಟ್ಟದೆ ಮಲೆನಾಡಿನ ಕಾಡು

ಹಸಿರೇ ಇಲ್ಲದ ಪ್ಯಾಲೆಟ್‌ನಲ್ಲಿ ಆಗುಂಬೆ ಕಡೆಯ ಕಾಡನ್ನು ಜಲವರ್ಣದಲ್ಲಿ ಬರೆಯುತ್ತೇನೆ ಅಂದಾಗ ಜತೆಯ ಕಲಾವಿದರು ನಕ್ಕರು. ಈಗ ಅವರೇ ಚಿತ್ರದ ಮುಂದೆ ನಿಂತು ‘ಇದು ಯಾವ ಕಂಪನಿಯ ಹಸಿರು?’ ಅಂತ ಕೇಳುತ್ತಾರೆ. ಆ ಹಸಿರಿಗೆ ಇರೋದು ಮೂರೇ ಟ್ಯೂಬ್: ಅಲ್ಟ್ರಾಮರೀನ್ ಎಂಬ ನೀಲಿ, ಲೆಮನ್ ಯೆಲ್ಲೊ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು.

ಟ್ಯೂಬಿನಲ್ಲೇ ಸಿಗುವ ಸಿದ್ಧ ಹಸಿರು ಸ್ಯಾಪ್ ಗ್ರೀನ್ ನೇರ ಬಳಿದರೆ ಕಾಡು ಪ್ಲಾಸ್ಟಿಕ್ ತೋರಣದ ಹಾಗಾಗುತ್ತದೆ. ನೀಲಿ ಒಂದು ಪಾಲು, ಹಳದಿ ಎರಡು, ಸಿಯೆನ್ನಾ ಬ್ರಷ್ ತುದಿಯಷ್ಟು ಸೇರಿದರೆ ಎಲೆಯ ಹಸಿರು. ಕಾಲುದಾರಿಯ ಕೆಮ್ಮಣ್ಣಿಗೂ ಅದೇ ಸಿಯೆನ್ನಾ, ಹಾಗಾಗಿ ಎಲೆಗೂ ಮಣ್ಣಿಗೂ ಜಗಳವಿಲ್ಲ. ಹಳದಿ ಬಿಟ್ಟು ಉಳಿದೆರಡನ್ನು ಗಟ್ಟಿಯಾಗಿ ಕಲಸಿದರೆ ಪೊದೆ ಬುಡದ ಕತ್ತಲು. ಕಪ್ಪು ಟ್ಯೂಬ್ ಬೇಡ, ಕಾಗದಕ್ಕೆ ತೂತು ಬಿದ್ದಂತೆ ಕಾಣುತ್ತದೆ.

ಆಳ ತರಲು ಹೋಗಿ ಹಾಳಾದ ಹಾಳೆಗಳು ಹದಿನೆಂಟೋ ಇಪ್ಪತ್ತೋ. ಚದರ ಮೀಟರಿಗೆ 300 ಗ್ರಾಂ ತೂಗುವ (300 ಜಿಎಸ್‌ಎಂ) ಕಾಟನ್ ಕಾಗದ, ಅರ್ಧ ಹಾಳೆಗೆ ಹೆಚ್ಚುಕಮ್ಮಿ 250 ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ. ತಪ್ಪಿದ್ದು ಎಲ್ಲಿ ಅಂದರೆ, ದೂರ ಹೋದಷ್ಟೂ ನೀಲಿ ಎಂಬ ಪಾಠವನ್ನು ಕಾಡಿನೊಳಗೂ ನಡೆಸಿದ್ದು. ಘಟ್ಟದ ಸಾಲಿಗೆ ಅದು ಸರಿ. ದಟ್ಟ ಮರಗಳ ನಡುವೆ ಮೂವತ್ತು ನಲವತ್ತು ಮೀಟರಿಗೇ ನೋಟ ಮುಚ್ಚಿಹೋಗುತ್ತದೆ, ನೀಲಿಯಾಗುವಷ್ಟು ದೂರ ಅಲ್ಲೆಲ್ಲಿದೆ? ಅಲ್ಲಿ ಆಳ ಹುಟ್ಟುವುದು ಅಂಚಿನಿಂದ, ಕಾಂಡಕ್ಕೆ ಕಾಂಡ ಅಡ್ಡ ಬರುವುದರಿಂದ. ಹಿಂದಿನ ಕಾಂಡಗಳನ್ನು ಹಸಿ ವಾಶ್‌ನ, ಅಂದರೆ ನೀರು ಬೆರೆಸಿ ಬಳಿದ ತೆಳು ಬಣ್ಣದ, ಹೊಳಪು ಇಳಿಯುವ ಹೊತ್ತಿಗೆ ಗಟ್ಟಿ ಬಣ್ಣದಲ್ಲಿ ಎಳೆಯುತ್ತೇನೆ. ಹೊಳಪಿದ್ದಾಗಲೇ ಎಳೆದರೆ ಹರಿದು ಮಾಯ; ನೀರು ಹೆಚ್ಚಿದ ಬ್ರಷ್ ತಾಗಿದರೆ ಹೂಕೋಸಿನಂಥ ಕಲೆ, ಹಾಳೆ ಹೋಯಿತೆಂದೇ ಲೆಕ್ಕ. ಪೂರ್ತಿ ಒಣಗಿದ ಮೇಲೆ ನಡುವಿನ ಸಾಲು, ಒಂದೇ ಮಗ್ಗುಲ ಅಂಚನ್ನು ಒದ್ದೆ ಬ್ರಷ್‌ನಿಂದ ಕರಗಿಸಿ. ಮುಂದಿನ ಮರಕ್ಕೆ ಡ್ರೈ ಬ್ರಷ್, ಅಂದರೆ ನೀರಿಲ್ಲದಂತೆ ಒರೆಸಿದ ಬ್ರಷ್, ಅಂಚು ಚೂಪು. ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಒಣಗುವುದು ಆಷಾಢದಲ್ಲಿ ಮುಕ್ಕಾಲು ಗಂಟೆ ತಿನ್ನುತ್ತದೆ.

ಕಾಂಡಕ್ಕೆ ಕಂದು ಬಳಿಯುವವರು ಮಲೆನಾಡಿನ ಮರ ನೋಡಿಲ್ಲ. ಅದು ಬೂದು, ಮೇಲೆ ಕಲ್ಲುಹೂವಿನ ಬಿಳಿ ತೇಪೆ. ಆ ಬೂದಿಗೆ ಕಲಸುವ ಅಲ್ಟ್ರಾಮರೀನ್, ಸಿಯೆನ್ನಾ ಎರಡೂ ಕಾಳುಕಾಳಾಗಿ ಕೂರುವ ಬಣ್ಣ, ಒರಟು ಕಾಗದದಲ್ಲಿ ತೊಗಟೆ ತಾನಾಗೇ ಬರುತ್ತದೆ. ಕಲ್ಲುಹೂವಿಗೆಂದು ಅಡುಗೆ ಉಪ್ಪು ಉದುರಿಸಿಯೂ ನೋಡಿದೆ: ಬೇಸಿಗೆಯಲ್ಲಿ ಚೆಂದ, ಮಳೆಗಾಲದಲ್ಲಿ ಉಪ್ಪೇ ನೀರಾಗಿ ಕೂತಿತು. ಈಗ ಹಳೆ ಟೂತ್‌ಬ್ರಷ್‌ನಲ್ಲಿ ವೈಟ್ ಗೌಶ್, ಅಂದರೆ ಕೆಳಗಿನದನ್ನು ಮುಚ್ಚುವ ಬಿಳಿ ಬಣ್ಣ, ಚಿಮುಕಿಸುತ್ತೇನೆ.

ನಾಗಸಂಪಿಗೆಯ ಕೆಂಪು ಚಿಗುರನ್ನು ಯಾವ ಹಂತದಲ್ಲಿ, ಯಾವುದರಿಂದ ಇಡುತ್ತೇನೆ ಅನ್ನೋದು ನನ್ನ ಬಳಿಯೇ ಇರಲಿ. ಅದು ಕೂತ ಚಿತ್ರವೇ ಸುಮಾರು 7,000ಕ್ಕೆ ಹೋದದ್ದು. ಅದರಲ್ಲಿ 1,400 ಫ್ರೇಮಿನವನಿಗೆ.