ಓಣಂ ಪೂಕ್ಕಳಂ: ಅತ್ತಂನಿಂದ ತಿರುವೋಣದವರೆಗೆ ಹೂ ಹಾಕುವ ಕ್ರಮ

ಕೇರಳದ ಓಣಂ ಹಬ್ಬಕ್ಕೆ ನೆಲದ ಮೇಲೆ ಹೂವಿನಿಂದ ಬಿಡಿಸುವ ವಿನ್ಯಾಸವೇ ಪೂಕ್ಕಳಂ. ಮಲಯಾಳದ ಚಿಂಙಂ ತಿಂಗಳು, ಅಂದರೆ ನಮ್ಮ ಸಿಂಹ ಮಾಸದ ಹಸ್ತಾ ನಕ್ಷತ್ರದ ದಿನ ಅತ್ತಂ. ಅಂದು ಶುರುವಾದ ಹೂ ಹಾಕುವಿಕೆ ಹತ್ತನೆಯ ದಿನ ಶ್ರವಣಕ್ಕೆ, ಅಂದರೆ ತಿರುವೋಣಕ್ಕೆ, ಪೂರ್ತಿಯಾಗುತ್ತದೆ. ಮೊದಲ ದಿನವೇ ದೊಡ್ಡದು ಹಾಕಿ ಮುಗಿಸುವುದು ಕಾಲೇಜು, ಆಫೀಸುಗಳ ಸ್ಪರ್ಧೆಗೆ ಸರಿ. ಮನೆಯ ಸಂಪ್ರದಾಯದಲ್ಲಿ ದಿನಕ್ಕೊಂದು ಸುತ್ತು ಹೆಚ್ಚಬೇಕು, ಹಳೆಯ ಹೂ ತೆಗೆದು ಪ್ರತಿದಿನ ಬೆಳಿಗ್ಗೆ ಹೊಸದಾಗಿ ಹಾಕಬೇಕು.

ಅತ್ತಂ ದಿನ ಒಂದೇ ಸುತ್ತು. ತುಂಬೆ ಹೂವಿಗೇ ಮೊದಲ ಮರ್ಯಾದೆ. ಕೆಂಪು ಹೂವನ್ನು ಮೊದಲೆರಡು ದಿನ ಮುಟ್ಟುವುದಿಲ್ಲ. ಚೋದಿ, ಅಂದರೆ ಸ್ವಾತಿಯಿಂದ ದಾಸವಾಳ, ಕೇಪಳ ಬರುತ್ತವೆ. ಮೂಲಂ ದಿನ ಕೆಲವು ಕಡೆ ದುಂಡಗಿನ ಬದಲು ಚೌಕ ಹಾಕುವ ರೂಢಿಯಿದೆ.

ಅಳತೆಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಒಂದೊಂದು ಸುತ್ತಿಗೂ ಎರಡೂವರೆ ಇಂಚಿನಂತೆ ಹತ್ತು ಸುತ್ತುಗಳಿಗೆ, ನಡುವಿನಿಂದ ಅಂಚಿಗೆ 25 ಇಂಚು ಬೇಕು. ನೆಲಕ್ಕೆ ಸೆಗಣಿ ಸಾರಿಸಿ ಚೆನ್ನಾಗಿ ಒಣಗಲು ಬಿಡಿ. ಟೈಲ್ಸ್ ಆದರೆ ಒರೆಸಿದರೆ ಸಾಕು. ನಡುವೆ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಎಳೆಯಿರಿ. ಅದೇ ದಾರದ ಉದ್ದವನ್ನು ಅಂಚಿನ ಮೇಲೆ ಒಂದರ ಹಿಂದೊಂದು ಗುರುತು ಹಾಕುತ್ತ ಹೋದರೆ ವೃತ್ತ ಸರಿಯಾಗಿ ಆರು ಪಾಲಾಗುತ್ತದೆ. ಆರು ದಳದ ಹೂವು ಬರೆಯಲು ಇಷ್ಟೇ ಗುಟ್ಟು.

ಈ ಅಳತೆಯ ಕೊನೆಯ ದಿನದ ಪೂಕ್ಕಳಂಗೆ ಸುಮಾರು ಮೂರರಿಂದ ಮೂರೂವರೆ ಕೆ.ಜಿ. ಹೂ ಹಿಡಿಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಳದಿ ಮತ್ತು ಕಿತ್ತಳೆ ಚೆಂಡು ಹೂವು, ಉಳಿದದ್ದು ಬಿಳಿ ಸೇವಂತಿಗೆ, ನೇರಳೆ ಬಟನ್ ಹೂವು, ಸ್ವಲ್ಪ ಕೆಂಪು. ಹಸಿರಿಗೆ ಯಾವುದಾದರೂ ಗಟ್ಟಿ ಎಲೆಯನ್ನು ಸಣ್ಣಗೆ ಹೆಚ್ಚಿಕೊಳ್ಳಿ. ಕೇರಳಕ್ಕೆ ಹೋಗುವ ಚೆಂಡು ಹೂವಿನ ದೊಡ್ಡ ಪಾಲು ನಮ್ಮ ಗುಂಡ್ಲುಪೇಟೆ ಕಡೆಯದು. ಉತ್ರಾಡಂ ದಿನ, ಅಂದರೆ ತಿರುವೋಣದ ಹಿಂದಿನ ದಿನ, ಬೆಲೆ ಏರುವುದರಿಂದ ಅದಕ್ಕೂ ಒಂದು ದಿನ ಮೊದಲೇ ಕೊಳ್ಳುವುದು ಜಾಣತನ.

ಕೊಂಡ ಹೂವನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಟ್ಟರೆ ರಾತ್ರಿಯೊಳಗೆ ಬಿಸಿಯಾಗಿ ಕರಗುತ್ತದೆ. ಒದ್ದೆ ಬಟ್ಟೆಯ ಮೇಲೆ ತೆಳುವಾಗಿ ಹರಡಿಡಿ. ಎಸಳು ಬಿಡಿಸುವುದು ಮಾತ್ರ ಹಾಕುವ ದಿನ ಬೆಳಿಗ್ಗೆ. ಚೆಂಡು ಹೂವಿನ ಹಸಿರು ತೊಟ್ಟನ್ನು ಪೂರ್ತಿ ತೆಗೆಯಿರಿ. ಅದು ಉಳಿದರೆ ಎಸಳು ಗುಪ್ಪೆಯಾಗಿ ಮೇಲ್ಮೈ ಉಬ್ಬುತಗ್ಗಾಗುತ್ತದೆ.

ಹಾಕುವಾಗ ನಡುವಿನಿಂದ ಹೊರಕ್ಕೆ ಬನ್ನಿ. ಪ್ರತಿ ಬಣ್ಣದ ಗೆರೆಯನ್ನು ಮೊದಲು ದಪ್ಪಗೆ ಕಟ್ಟಿ ಆಮೇಲೆ ಒಳಗೆ ತುಂಬಿ. ನೆಲ ಕಾಣದಷ್ಟು, ಬೆರಳಿನ ದಪ್ಪ ಸಾಕು. ಹಳದಿ, ಕಿತ್ತಳೆ ಪಕ್ಕಪಕ್ಕ ಬಂದರೆ ದೂರಕ್ಕೆ ಎರಡೂ ಒಂದೇ. ನಡುವೆ ನೇರಳೆಯ ಒಂದು ಎಳೆ ಹಾಕಿದರೆ ವಿನ್ಯಾಸ ಎದ್ದು ಕಾಣುತ್ತದೆ. ದಾಸವಾಳ ಬೇಗ ಮುದುಡುವುದರಿಂದ ಅದನ್ನು ಕೊನೆಗೆ ಹಾಕಿ. ನೀರು ಚಿಮುಕಿಸುವುದಿದ್ದರೂ ಹನಿ ಹನಿಯಾಗಿ, ಇಲ್ಲದಿದ್ದರೆ ಎಸಳು ನೆಲಕ್ಕಂಟಿ ಕಪ್ಪಾಗುತ್ತದೆ. ಹಾಲ್‌ನಲ್ಲಿ ಹಾಕುವವರು ಫ್ಯಾನ್ ಆರಿಸುವುದನ್ನು ಮರೆಯುತ್ತಾರೆ! ಬಣ್ಣ ಹಾಕಿದ ತೆಂಗಿನ ತುರಿ, ರಂಗೋಲಿ ಪುಡಿ ಖರ್ಚು ಉಳಿಸುತ್ತವೆ, ಆದರೆ ಆಗ ಅದು ಪೂಕ್ಕಳಂ ಅಲ್ಲ, ರಂಗೋಲಿ.

ತ್ರಿಶೂರು, ಪಾಲಕ್ಕಾಡ್ ಕಡೆ ಇದರ ಜೊತೆ ತೃಕ್ಕಾಕರಪ್ಪನೂ, ಅಂದರೆ ವಾಮನನೂ, ಬೇಕು: ಜೇಡಿಮಣ್ಣಿನ ನಾಲ್ಕು ಮುಖದ, ಮೇಲಕ್ಕೆ ಕಿರಿದಾಗುವ ಮೂರ್ತಿ. ಕಲ್ಲು ಆರಿಸಿದ ಮಣ್ಣನ್ನು ಚೆನ್ನಾಗಿ ನಾದಿ, ಆರೇಳು ಇಂಚು ಎತ್ತರಕ್ಕೆ ತಟ್ಟಿ, ನೆತ್ತಿಗೆ ಹೂ ಸಿಕ್ಕಿಸಲು ತೂತು ಮಾಡಿ. ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ಟರೆ ಮೈ ಬಿರುಕು ಬಿಡುತ್ತದೆ. ತಿರುವೋಣದ ನಸುಕಿನಲ್ಲಿ ಬಾಳೆ ಎಲೆಯ ಮೇಲೆ ಬೆಸ ಸಂಖ್ಯೆಯಲ್ಲಿ ಕೂರಿಸಿ, ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟಿನ ನೀರನ್ನು ಕೈಯಿಂದ ಇಳಿಬಿಡುತ್ತಾರೆ. ಹಿಟ್ಟು ದೋಸೆ ಹಿಟ್ಟಿಗಿಂತ ತೆಳ್ಳಗಿರಬೇಕು, ಆಗಲೇ ಬಿಳಿ ಗೆರೆ ಸಲೀಸಾಗಿ ಇಳಿಯುವುದು. ನೈವೇದ್ಯಕ್ಕೆ ಪೂವಡ: ಅಕ್ಕಿಹಿಟ್ಟಿನ ಕಣಕ, ಬೆಲ್ಲ ಕಾಯಿಯ ಹೂರಣ, ಬಾಳೆ ಎಲೆಯಲ್ಲಿ ಮಡಚಿ ಹದಿನೈದು ನಿಮಿಷ ಹಬೆ.

ಕೆಂಪಿಗೆ ಕಣಗಿಲೆ ಬಳಸಿದ್ದರೆ, ತೆಗೆದ ಹೂವನ್ನು ದನಕ್ಕೆ ಹಾಕಬೇಡಿ, ಅದು ವಿಷ. ಎಲ್ಲವನ್ನೂ ತಿಪ್ಪೆಗುಂಡಿಗೆ ಹಾಕಿ ಮಣ್ಣು ಮುಚ್ಚಿ.