ಕೆರೆ-ದಡ ಆಡಿಸ್ಕೊಂಡೇ ಡ್ರಿಬ್ಲಿಂಗ್ ಕಲಿಸಿದ್ದು: ನನ್ನ ಅನುಭವ

ಡ್ರಿಬ್ಲಿಂಗ್ (ಬಾಲನ್ನ ಕಾಲಲ್ಲಿ ತಳ್ಕೊಂಡು ಹೋಗೋದು) ಕಲಿಸೋಕೆ ಐದರಿಂದ ಎಂಟು ವರ್ಷದ ಮಕ್ಕಳನ್ನ ಕೋನ್ ಮುಂದೆ ಲೈನಲ್ಲಿ ನಿಲ್ಸೋದು ಬಿಟ್ಟು, ಆಟ ಆಡಿಸೋಕೆ ಶುರು ಮಾಡಿ ಎರಡು ವರ್ಷದ ಮೇಲಾಯ್ತು. ಆಗ ಸೀನಿಯರ್ ಕೋಚ್ ಒಬ್ರು "ಇದು ಫುಟ್‌ಬಾಲಾ, ಪಿಟಿ ಪೀರಿಯಡ್ಡಾ?" ಅಂದ್ರು, ಗೇಟ್ ಹತ್ರ ನಿಲ್ಲೋ ಪೇರೆಂಟ್ಸ್ ಅಂತೂ "ಸಾರ್, ಬರೀ ಆಟಾನೇ ಆಡಿಸ್ತೀರಲ್ಲ, ಕಲಿಸೋದ್ಯಾವಾಗ" ಅಂತ ದಿನಾ ಒಂದೇ ರಾಗ. ಐದಾರು ಮಕ್ಕಳು ಬಿಟ್ಟೂ ಹೋದ್ರು, ತಲೆಗೆ ತಿಂಗಳಿಗೆ 1200 ಹೋಯ್ತು ಅಂದ್ರೆ ಟರ್ಫ್ ಬಾಡಿಗೆ ಕೈಯಿಂದಾನೇ.

ಬಾಲ್ ವಿಷ್ಯ ಮೊದ್ಲು. ಅಣ್ಣನದ್ದು ಅಂತ ಸೈಜ್ 5 ತರ್ತಾರೆ, ಅದು 410ರಿಂದ 450 ಗ್ರಾಂ, ಯುಕೆಜಿ ಮಗು ಅದನ್ನ ಟೋ ಕಿಕ್ (ಬೆರಳ ತುದೀಲಿ ಗುದ್ದೋದು) ಬಿಟ್ರೆ ಬೇರೆ ಹೆಂಗೂ ಹೊಡೆಯಲ್ಲ. ಸೈಜ್ 3 ನಾನೇ ಡಜನ್ ತಂದೆ. 250 ರೂಪಾಯಿದು ತಿಂಗಳಲ್ಲೇ ಮೊಟ್ಟೆ ಶೇಪ್ ಬಂತು, ಆಮೇಲೆ 450ರ ಆಸುಪಾಸಿಂದು ತಗೊಂಡೆ, ಇನ್ನೂ ಓಡ್ತಿದೆ.

ಆಟ ನಮ್ದೇ ಕೆರೆ-ದಡ. ಸುಣ್ಣದ ಗೆರೆ, ಎಲ್ರ ಕಾಲಲ್ಲೂ ಒಂದೊಂದು ಬಾಲ್. "ಕೆರೆ" ಅಂದ್ರೆ ಮೆಲ್ಲಗೆ ತಳ್ಳಿ ಗೆರೆ ದಾಟ್ಬೇಕು, "ದಡ" ಅಂದ್ರೆ ಪಾದದಡಿ ಎಳ್ಕೊಂಡು ವಾಪಸ್. ದಡದಲ್ಲಿದ್ದಾಗ್ಲೇ ಇನ್ನೊಂದ್ಸಲ "ದಡ" ಅಂದ್ರೆ ಬಾಲ್ ಮೇಲೆ ಕಾಲಿಟ್ಟು ಅಲ್ಲಾಡದೆ ನಿಲ್ಬೇಕು. ಎಷ್ಟು ಬಾಯಿ ಬಡ್ಕೊಂಡ್ರೂ ಬರದ ಪುಲ್‌ಬ್ಯಾಕ್ (ಬಾಲ್ ಹಿಂದಕ್ಕೆ ಎಳ್ಕೊಳ್ಳೋದು) ಇಲ್ಲಿ ತಾನಾಗೇ ಬರುತ್ತೆ, ತಲೆ ಎತ್ತಿ ನೋಡೋದೂ ಬರುತ್ತೆ, ಯಾಕಂದ್ರೆ ನಾನು ಕೆಲವೊಮ್ಮೆ ಬಾಯಿ ಬಿಡದೆ ಬರೀ ಕೈ ತೋರಿಸ್ತೀನಿ. ಔಟ್ ಮಾತ್ರ ಮಾಡ್ಬೇಡಿ. ಮೊದ್ಲು ಔಟಾಗೋನಿಗೇ ಬಾಲ್ ಜಾಸ್ತಿ ಬೇಕಿರೋದು, ಅವನೇ ಹೋಗಿ ನೀರಿನ ಬಾಟಲ್ ಜೊತೆ ಕೂತ್ರೆ ಏನ್ ಬಂತು? ತಪ್ಪಿದ್ರೆ ಹತ್ತು ಟೋ ಟ್ಯಾಪ್ (ಬಾಲ್ ಮೇಲೆ ಒಂದೊಂದೇ ಕಾಲಲ್ಲಿ ಮೆಲ್ಲಗೆ ತಟ್ಟೋದು), ವಾಪಸ್ ಒಳಗೆ.

ಲಗೋರಿ ಕೈ ಕೊಡ್ತು. ಕಲ್ಲಿನ ಬದ್ಲು ತೆಂಗಿನ ಚಿಪ್ಪು ಜೋಡ್ಸಿ, ಇನ್‌ಸೈಡ್ ಪಾಸಲ್ಲಿ (ಪಾದದ ಒಳಬದಿಯಿಂದ ತಳ್ಳಿ) ಬೀಳಿಸೋದು ಸೂಪರ್, ಆದ್ರೆ ಓಡೋರಿಗೆ ಬಾಲಲ್ಲಿ ಹೊಡೆಯೋ ಭಾಗ ಬಂದಾಗ ಪಾಸ್ ಎಲ್ಲಾ ಮರ್ತು ಗುಂಡು ಹೊಡ್ದಂಗೆ ಹೊಡೀತಾರೆ, ಒಂದು ಹುಡುಗಿ ಮೊಣಕಾಲು ಊದ್ಕೊಂಡು ಅವರಪ್ಪ ಅವತ್ತೇ ಫೀಸ್ ವಾಪಸ್ ಕೇಳಿದ್ರು. ಈಗ ಹೊಡೆಯೋದಿಲ್ಲ, ಒಂದು ಟೀಮ್ ಚಿಪ್ಪು ಜೋಡ್ಸೋದ್ರೊಳಗೆ ಇನ್ನೊಂದು ಟೀಮ್ ಡ್ರಿಬಲ್ ಮಾಡ್ಕೊಂಡು ಮೂಲೆ ಮುಟ್ಬೇಕು.

ಮಧ್ಯೆ ಅರ್ಧ ಗಾಳಿ ತೆಗ್ದ ಬಾಲೂ ಟ್ರೈ ಮಾಡ್ದೆ. ಚಿಕ್ಕೋರಿಗೆ ಮೊದಲೆರಡು ವಾರ ಬೆಸ್ಟ್, ಓಡಿ ಹೋಗಲ್ಲ, ಆಮೇಲೆ ಅಭ್ಯಾಸ ಕೆಟ್ಟೋಗುತ್ತೆ. ಟೆನಿಸ್ ಬಾಲ್ ಕೊಟ್ಟೆ, ಎಲ್ರೂ ಬ್ಯಾಟ್ ಹುಡುಕಿದ್ರು, ಬೆಂಗಳೂರಲ್ವಾ.

ನಮ್ಮ ಬೆಂಗಳೂರಿನ ಗೌತಮಪುರದಲ್ಲಿ ಪೆಲೆ ಪ್ರತಿಮೆ ಸುತ್ತಮುತ್ತ ಗಲ್ಲೀಲಿ ಆಡೋ ಮಕ್ಕಳಿಗೆ ಯಾರು ಕೋನ್ ಇಟ್ಟಿದ್ರು ಹೇಳಿ? ಎಐಎಫ್‌ಎಫ್ (ದೇಶದ ಫುಟ್‌ಬಾಲ್ ಫೆಡರೇಶನ್) 2018ರಲ್ಲಿ ಗೋಲ್ಡನ್ ಬೇಬಿ ಲೀಗ್ ತಂದಿದ್ದೂ ಚಿಕ್ಕೋರು ಆಡ್ಲಿ ಅಂತಾನೇ. ಮೊನ್ನೆ ಫ್ರೆಂಡ್ಲೀಲಿ ನಮ್ಮ ಆರು ವರ್ಷದೋನೊಬ್ಬ ಸೈಡ್‌ಲೈನಲ್ಲಿ ಸಿಕ್ಕಾಕ್ಕೊಂಡು, ಕಾಲಡಿ ಬಾಲ್ ಎಳ್ಕೊಂಡು ತಿರುಗಿ ಹೋದ. ಪಕ್ಕದಲ್ಲಿದ್ದ ಅದೇ ಸೀನಿಯರ್ "ಇದೆಲ್ಲಿ ಕಲ್ತ" ಅಂದ್ರು, "ಪಿಟಿ ಪೀರಿಯಡಲ್ಲಿ" ಅಂದೆ. ಬಿಟ್ಟು ಹೋದೋರಲ್ಲಿ ಮೂರ್ನಾಲ್ಕು ಜನ ವಾಪಸ್ ಬಂದವ್ರೆ.

ಎಡಗಾಲಿಗೆ ಅಂತ ಒಂದು ಆಟ ಇದೆ, ಅದನ್ನ ಸಮ್ಮರ್ ಕ್ಯಾಂಪ್ ಅಡ್ಮಿಷನ್ ಮುಗಿಯೋವರೆಗೂ ಹೇಳಲ್ಲ, ಪಕ್ಕದ ಏರಿಯಾ ಕೋಚ್‌ಗಳೂ ಇದನ್ನ ಓದ್ತಾರೆ ಅಂತ ಗೊತ್ತು.