ಗಡುವಿನೊಳಗಿನ ವಿಲೇವಾರಿ ಮತ್ತು ತಿರಸ್ಕೃತ ಅರ್ಜಿಗಳ ಕಟ್ಟು

ಸಕಾಲ ಕಾಯ್ದೆ 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದಾಗ 11 ಇಲಾಖೆಗಳ 151 ಸೇವೆಗಳು ಅದರ ವ್ಯಾಪ್ತಿಯಲ್ಲಿದ್ದವು. ಅದಕ್ಕೂ ಮೊದಲು ಔರಾದ್, ಧಾರವಾಡ, ಚಿತ್ರದುರ್ಗ ಮತ್ತು ಪುತ್ತೂರು ತಾಲ್ಲೂಕುಗಳಲ್ಲಿ ಅದು ಪ್ರಾಯೋಗಿಕವಾಗಿ ನಡೆದಿತ್ತು. ಅರ್ಜಿ ಕೊಟ್ಟವರಿಗೆ 15 ಅಂಕಿಗಳ ಜಿಎಸ್‌ಸಿ (ನಾಗರಿಕ ಸೇವಾ ಖಾತರಿ) ಸಂಖ್ಯೆಯ ಸ್ವೀಕೃತಿ, ಸೇವೆಗೆ ನಿಗದಿತ ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಪರಿಹಾರ, ಆ ಮೊತ್ತ ತಪ್ಪಿತಸ್ಥ ನೌಕರನಿಂದಲೇ ವಸೂಲಿ: ಕಾಯ್ದೆಯ ಸಾರ ಇಷ್ಟು. ಇದರಡಿ ನಾಡಕಚೇರಿಯೊಂದರಲ್ಲಿ ಉಪ ತಹಶೀಲ್ದಾರನಾಗಿ ಕೆಲಸ ಮಾಡಿದ ನನಗೆ ಅರ್ಥವಾದದ್ದೇನೆಂದರೆ, ಗಡುವಿನ ಲೆಕ್ಕವೊಂದನ್ನೇ ನೋಡುವ ಕಚೇರಿ ಕೆಲಸವನ್ನು ಬೇಗ ಮುಗಿಸುವುದಿಲ್ಲ, ಕಡತವನ್ನು ಬೇಗ ಮುಚ್ಚುತ್ತದೆ.

ನಾನು ಅಧಿಕಾರ ವಹಿಸಿಕೊಂಡಾಗ ನಮ್ಮ ಕಚೇರಿಯ ಮಾಸಿಕ ವರದಿ ಚೆನ್ನಾಗಿಯೇ ಇತ್ತು. ಅವಧಿ ಮೀರಿದ ಅರ್ಜಿಗಳು ಅಪರೂಪವಾಗಿದ್ದು, ಪರಿಶೀಲನಾ ಸಭೆಗಳಲ್ಲಿ ನಮ್ಮ ಹೋಬಳಿಯ ಹೆಸರು ಬರುತ್ತಲೇ ಇರಲಿಲ್ಲ. ಸರ್ಕಾರಿ ಸಭೆಗಳಲ್ಲಿ ಹೆಸರು ಬಾರದಿರುವುದೇ ಪ್ರಶಂಸೆ ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ಗೊತ್ತು. ಹೀಗಿದ್ದರೂ ಕೌಂಟರ್ ಮುಂದಿನ ಸಾಲು ಕರಗುತ್ತಿರಲಿಲ್ಲ, ಮತ್ತು ಆ ಸಾಲಿನಲ್ಲಿ ಕಂಡ ಮುಖಗಳೇ ಮತ್ತೆ ಮತ್ತೆ ಕಾಣುತ್ತಿದ್ದವು. ಆದ್ದರಿಂದ ಬಾಕಿ ಪಟ್ಟಿಯನ್ನು ಬದಿಗಿಟ್ಟು, ಯಾರೂ ಕೇಳದ ತಿರಸ್ಕೃತ ಅರ್ಜಿಗಳ ಕಟ್ಟನ್ನು ತರಿಸಿಕೊಂಡೆ.

ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ಆಗ 21 ದಿನಗಳ ಗಡುವು. ತಿರಸ್ಕಾರಗಳಲ್ಲಿ ಬಹುಪಾಲು ಆ ಗಡುವಿನ ಕೊನೆಯ ಎರಡು ಮೂರು ದಿನಗಳಲ್ಲೇ ಆಗಿದ್ದವು, ಮತ್ತು ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರವಾದ ಹಿಂಬರಹದಲ್ಲಿ ಒಂದೇ ವಾಕ್ಯವಿತ್ತು: ‘ದಾಖಲೆಗಳು ಸಮರ್ಪಕವಾಗಿಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.’ ಯಾವ ದಾಖಲೆ, ಅದರಲ್ಲಿ ಯಾವ ಕೊರತೆ, ಅದಕ್ಕೆ ಬದಲಾಗಿ ಏನು ತರಬೇಕು ಎಂಬುದಿಲ್ಲ. ಲಗತ್ತುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ ಸಿಕ್ಕಿದ್ದು ಇಂಥವು: ಪಡಿತರ ಚೀಟಿಯಲ್ಲಿ ತಂದೆಯ ಹೆಸರು ರಂಗಪ್ಪ ಎಂದೂ ಶಾಲೆಯ ವರ್ಗಾವಣೆ ಪತ್ರದಲ್ಲಿ ರಂಗಯ್ಯ ಎಂದೂ ಇರುವುದು, ಮದುವೆಯಾಗಿ ಬಂದ ಹೆಣ್ಣುಮಗಳ ತವರಿನ ದಾಖಲೆ ಬೇರೆ ತಾಲ್ಲೂಕಿನಲ್ಲಿರುವುದು, ಜೆರಾಕ್ಸ್ ಪ್ರತಿ ಮಸುಕಾಗಿರುವುದು. ಅರ್ಜಿ ಸ್ವೀಕರಿಸುವ ಹೊತ್ತಿನಲ್ಲೇ ಕಣ್ಣಿಗೆ ಬೀಳಬಹುದಾಗಿದ್ದ ಈ ಕೊರತೆಗಳು ಗ್ರಾಮ ಲೆಕ್ಕಿಗರ ಬಳಿಗೆ ಹೋಗಿ, ಅಲ್ಲಿ ಕಾದು, ಕಂದಾಯ ನಿರೀಕ್ಷಕರನ್ನು ದಾಟಿ ನನ್ನ ಲಾಗಿನ್‌ಗೆ ಬರುವ ಹೊತ್ತಿಗೆ ಗಡುವು ಮುಗಿಯುತ್ತ ಬಂದಿರುತ್ತಿತ್ತು. ಆಗ ತಿರಸ್ಕರಿಸಿದರೆ ದಂಡವಿಲ್ಲ, ಇಟ್ಟುಕೊಂಡರೆ ದಂಡ. ನೌಕರ ಯಾವ ದಾರಿ ಹಿಡಿಯುತ್ತಾನೆಂದು ಹೇಳಬೇಕಿಲ್ಲ. ಅರ್ಜಿದಾರ ಮರುವಾರ ಹೊಸ ಸಂಖ್ಯೆಯಲ್ಲಿ ಹೊಸ ಅರ್ಜಿ ಕೊಡುತ್ತಿದ್ದ. ನಮ್ಮ ವರದಿಯಲ್ಲಿ ಅದು ಎರಡು ಅರ್ಜಿ, ಎರಡು ಸಕಾಲಿಕ ವಿಲೇವಾರಿ.

ಮೊದಲು ಮಾಡಿದ ಬದಲಾವಣೆ ಕೌಂಟರಿನಲ್ಲಿ. ಸಂಖ್ಯೆ ಕೊಡುವ ಮುನ್ನವೇ ಆಪರೇಟರ್ ನೋಡಬೇಕಾದ ಅಂಶಗಳನ್ನು ಸೇವೆಗೊಂದರಂತೆ ಅರ್ಧ ಪುಟದಲ್ಲಿ ಬರೆಸಿದೆ. ಆದರೆ ಇಲ್ಲೊಂದು ಅಪಾಯವಿತ್ತು: ಪರಿಶೀಲನೆಯ ನೆಪದಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳದೆ ವಾಪಸು ಕಳಿಸಿದರೆ, ಆ ವಿಳಂಬ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹಾಗಾಗಿ ಕೊರತೆಗಳನ್ನು ಒಂದೇ ಸಲಕ್ಕೆ, ಚೀಟಿಯಲ್ಲಿ ಬರೆದು, ಸಹಿ ಹಾಕಿ ಕೊಡಬೇಕು. ಕೊರತೆಯಿದ್ದರೂ ಅರ್ಜಿದಾರರು ಈಗಲೇ ಕೊಡುತ್ತೇನೆಂದರೆ ತೆಗೆದುಕೊಳ್ಳಲೇಬೇಕು ಎಂದು ಕಚೇರಿ ಆದೇಶ ಹೊರಡಿಸಿದೆ. ಚೀಟಿಯ ಕಾರ್ಬನ್ ಪ್ರತಿ ಸಂಜೆ ನನ್ನ ಮೇಜಿಗೆ ಬರುತ್ತಿತ್ತು. ‘ಇದೆಲ್ಲ ಬರೀತಾ ಕೂತ್ರೆ ಸಾಲು ಮುಗಿಯೋದು ಯಾವಾಗ ಸಾರ್’ ಎಂದು ಆಪರೇಟರ್ ಗೊಣಗಿದ್ದು ನ್ಯಾಯವಾಗಿಯೇ ಇತ್ತು. ಆರಂಭದ ವಾರಗಳಲ್ಲಿ ಸಾಲು ನಿಜವಾಗಿಯೂ ಉದ್ದವಾಯಿತು. ಮರು ಅರ್ಜಿಗಳು ಕಡಿಮೆಯಾಗತೊಡಗಿದ ಮೇಲೆ ಅವರೇ ಚೀಟಿಯ ಒಕ್ಕಣೆಯನ್ನು ಇನ್ನಷ್ಟು ಸರಳಗೊಳಿಸಿದರು.

ಎರಡನೆಯದು ಹಿಂಬರಹ. ತಿರಸ್ಕಾರಕ್ಕೆ ಲಿಖಿತ ಕಾರಣ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ಕಾರಣದ ವಿರುದ್ಧವೇ ಅರ್ಜಿದಾರ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕಾಗುತ್ತದೆ. ಕಾರಣವೇ ಅಸ್ಪಷ್ಟವಾಗಿದ್ದರೆ ಮೇಲ್ಮನವಿಯ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ. ದಾಖಲೆಯ ಹೆಸರು, ಕೊರತೆ, ಪರಿಹಾರ, ಈ ಮೂರೂ ಇಲ್ಲದ ತಿರಸ್ಕಾರದ ಶಿಫಾರಸಿಗೆ ನಾನು ಅನುಮೋದನೆ ಕೊಡುವುದನ್ನು ನಿಲ್ಲಿಸಿದೆ. ಹೆಸರಿನ ವ್ಯತ್ಯಾಸದಂಥ ಪ್ರಕರಣಗಳಲ್ಲಿ ಗ್ರಾಮ ಲೆಕ್ಕಿಗರು ನೆರೆಹೊರೆಯವರ ಹೇಳಿಕೆ ಪಡೆದು ಸ್ಥಳ ಮಹಜರು ಮಾಡಿದರೆ ವಿಷಯ ಅಲ್ಲಿಗೇ ಇತ್ಯರ್ಥವಾಗುತ್ತಿತ್ತು. ತಿರಸ್ಕರಿಸುವುದಕ್ಕಿಂತ ಮಂಜೂರು ಮಾಡುವುದು ಸುಲಭವೆನಿಸುವಂತೆ ಮಾಡಿದ್ದೇ, ನನ್ನ ದೃಷ್ಟಿಯಲ್ಲಿ, ಹೆಚ್ಚು ಫಲ ಕೊಟ್ಟ ಕ್ರಮ.

ಬೆಳಗಿನ ಬಾಕಿ ಪಟ್ಟಿಯನ್ನೂ ಬದಲಿಸಿದೆ. ಗಡುವು ಸಮೀಪಿಸಿದ ಅರ್ಜಿಗಳ ಬದಲು, ಅರ್ಧ ಅವಧಿ ಕಳೆದರೂ ಗ್ರಾಮ ಲೆಕ್ಕಿಗರ ವರದಿ ಬಾರದ ಅರ್ಜಿಗಳನ್ನು ನೋಡತೊಡಗಿದೆವು. ಆ ಹಂತದಲ್ಲಿ ಇನ್ನೂ ಏನಾದರೂ ಮಾಡಲು ಸಮಯವಿರುತ್ತದೆ.

ಇಷ್ಟಾದರೂ ಜೂನ್, ಜುಲೈ ತಿಂಗಳುಗಳ ನೂಕುನುಗ್ಗಲು ತಗ್ಗಲಿಲ್ಲ. ವಿಚಾರಿಸಿದರೆ, ಆದಾಯ ಪ್ರಮಾಣಪತ್ರಕ್ಕೆ 5 ವರ್ಷಗಳ ಮಾನ್ಯತೆ ಇದ್ದರೂ ಕೆಲವು ಶಾಲಾ ಕಾಲೇಜುಗಳು ಪ್ರತಿವರ್ಷ ಹೊಸದನ್ನೇ ಕೇಳುತ್ತಿದ್ದವು. ಒಂದು ಇಲಾಖೆಯ ಆದೇಶ ಇನ್ನೊಂದು ಇಲಾಖೆಯ ಗುಮಾಸ್ತರ ಮೇಜಿಗೆ ತಲುಪಿರಲಿಲ್ಲ, ಅಷ್ಟೇ. ತಹಶೀಲ್ದಾರರ ಸಹಿಯಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಕಾಲೇಜುಗಳಿಗೂ ಪತ್ರ ಹೋಯಿತು. ಪತ್ರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ಮಾನ್ಯತೆಯ ಅವಧಿಯನ್ನು ತಿಳಿಸುವ ಒಂದು ಸಾಲಿನ ಪ್ರಕಟಣೆಯನ್ನು ನಮ್ಮ ಕೌಂಟರಿನಲ್ಲಿ ಅಂಟಿಸಿ, ಕೇಳಿದವರಿಗೆಲ್ಲ ಅದರ ಪ್ರತಿಯನ್ನು ಕೊಟ್ಟು ಕಳಿಸಿದ್ದು. ಪೋಷಕರು ಅದನ್ನೇ ಶಾಲೆಯಲ್ಲಿ ತೋರಿಸಿ ವಾದಿಸುತ್ತಿದ್ದರು.

ಕಚೇರಿಯ ಮಟ್ಟದಲ್ಲಿ ಸರಿಪಡಿಸಲಾಗದ್ದೂ ಇತ್ತು. ಖಾಲಿ ಹುದ್ದೆಗಳಿಂದಾಗಿ ಒಬ್ಬ ಗ್ರಾಮ ಲೆಕ್ಕಿಗರ ಮೇಲೆ ಎರಡು ವೃತ್ತಗಳ ಹೊರೆ ಬಿದ್ದಿತ್ತು. ಬೆಳೆ ಸಮೀಕ್ಷೆಯೋ ಚುನಾವಣಾ ಕೆಲಸವೋ ಬಂದರೆ ಅರ್ಜಿಗಳು ಅಲ್ಲೇ ನಿಲ್ಲುತ್ತಿದ್ದವು. ‘ಸಿಬ್ಬಂದಿ ಕೊರತೆ ಇದೆ’ ಎಂದು ಬರೆದ ಪತ್ರಗಳಿಗೆ ಹಿಂದೆ ಉತ್ತರ ಬಂದಿರಲಿಲ್ಲ. ಯಾವ ವೃತ್ತದಲ್ಲಿ ಅರ್ಜಿ ಸರಾಸರಿ ಎಷ್ಟು ದಿನ ವರದಿಗಾಗಿ ಕಾಯುತ್ತದೆ ಎಂಬ ಪಟ್ಟಿಯನ್ನು ಲಗತ್ತಿಸಿ ಪ್ರಸ್ತಾವನೆ ಕಳಿಸಿದ ಮೇಲೆ, ಶಾಲಾ ಪ್ರವೇಶದ ತಿಂಗಳುಗಳ ಮಟ್ಟಿಗೆ ಪಕ್ಕದ ಹೋಬಳಿಯಿಂದ ಒಬ್ಬರನ್ನು ವಾರದಲ್ಲಿ ಎರಡು ದಿನ ನಿಯೋಜಿಸಲಾಯಿತು. ಖಾಯಂ ನೇಮಕ ನಾನು ವರ್ಗವಾಗುವವರೆಗೂ ಆಗಲಿಲ್ಲ.